ಸ್ಕೋಪ್ ಕೊಳ್ಳುವ ಮುನ್ನ ತಿರುಗಣಿ ತಿರುವಿ ನೋಡಿ

ಪ್ರಶ್ನೆ: ನನ್ನ ಬಳಿ ಲೈಸೆನ್ಸ್ ಇರುವ ಪಾಯಿಂಟ್ ಟೂಟೂ (.22 ಇಂಚಿನ ಗುಂಡಿನ) ರೈಫಲ್ ಇದೆ. ರೇಂಜಿನಲ್ಲಿ 50 ಮೀಟರ್‌ಗೆ ಕೈ ಕುದುರಿದೆ. 100, ಆಮೇಲೆ 200 ಮೀಟರ್‌ಗೆ ಹೊಡೆಯುವ ಆಸೆ. ಗೆಳೆಯರೆಲ್ಲ 6-24×50 (6ರಿಂದ 24 ಪಟ್ಟು ಹಿಗ್ಗಿಸುವ, ಮುಂದಿನ ಗಾಜು 50 ಮಿ.ಮೀ. ಇರುವ) ಸ್ಕೋಪನ್ನೇ ತಗೋ ಎನ್ನುತ್ತಾರೆ. 40 ಸಾವಿರ ರೂಪಾಯಿ ಎತ್ತಿಟ್ಟಿದ್ದೇನೆ. ಅದೇ ಸ್ಕೋಪ್ ಹಾಕಿಕೊಂಡು ಸ್ಪರ್ಧೆಗೂ ಇಳಿಯಬಹುದೇ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಸ್ಪರ್ಧೆಯ ಮಾತು ಮೊದಲು ಮುಗಿಸೋಣ. ಒಲಿಂಪಿಕ್ಸ್ ಮಾದರಿಯ 10 ಮತ್ತು 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ಬಂದೂಕಿನ ಮೇಲೆ ದುರ್ಬೀನು ಕೂರಿಸುವಂತಿಲ್ಲ. ನಮ್ಮ ನೆರೆಯ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್‌ನಲ್ಲಿ ಕಂಚು ಗೆದ್ದದ್ದು ಸಣ್ಣ ತೂತಿನ ಡಯಾಪ್ಟರ್ ಸೈಟ್ ನೋಡಿಕೊಂಡೇ. ನಿಮ್ಮ ಮನಸ್ಸು ನಿಜವಾಗಿ ಪದಕದ ಮೇಲಿದ್ದರೆ ಸ್ಕೋಪಿನ ದುಡ್ಡನ್ನು ಡಯಾಪ್ಟರ್‌ಗೆ, ಗುಂಡಿಗೆ, ಜಾಕೆಟ್ಟಿಗೆ ಹಾಕಿ. ಇಲ್ಲ, ದೂರದ ಗುರಿಯ ಹುಚ್ಚೇ ಹಿಡಿದಿದೆ ಎಂದಾದರೆ ಮುಂದೆ ಓದಿ.

24 ಪಟ್ಟು ದೊಡ್ಡದಾಗಿ ಕಾಣಬೇಕೆಂಬ ಆಸೆಯನ್ನು ನಮ್ಮ ಬಯಲುಸೀಮೆಯ ಬಿಸಿಲೇ ಬಿಡಿಸುತ್ತದೆ. ಏಪ್ರಿಲ್ ತಿಂಗಳಲ್ಲಿ ನವಲಗುಂದ, ರೋಣದ ಕಡೆ ಎರೆ ಹೊಲದ ಮೇಲೆ ಹೊತ್ತೇರಿದ ಮೇಲೆ ಕಣ್ಣು ಹಾಯಿಸಿ. ನೆಲದಿಂದೆದ್ದ ಬಿಸಿಗಾಳಿ ಅಲೆಅಲೆಯಾಗಿ ಹರಿಯುತ್ತಿರುತ್ತದೆ. 24ಕ್ಕೆ ಹಿಗ್ಗಿಸಿದರೆ ಗುರಿಯ ಜೊತೆ ಈ ಬಿಸಿಲುಗುದುರೆಯೂ 24 ಪಟ್ಟು ಹಿಗ್ಗುತ್ತದೆ. ಕುದಿಯುವ ಎಸರಿನೊಳಗೆ ಗುರಿ ಮುಳುಗಿಸಿಟ್ಟಂತೆ ಕಾಣುತ್ತದೆ. 10–12ಕ್ಕೆ ಇಳಿಸಿದರೆ ಅದೇ ಗುರಿ ನಿಲ್ಲುತ್ತದೆ. ಬೆಳಕಿನ ಲೆಕ್ಕವೂ ಇದೆ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ: 50 ಮಿ.ಮೀ. ಗಾಜಿಗೆ 10 ಪಟ್ಟಿನಲ್ಲಿ 5 ಮಿ.ಮೀ., 24ರಲ್ಲಿ 2 ಮಿ.ಮೀ. ಚಿಲ್ಲರೆ. ತಲೆ ಒಂದಿಷ್ಟು ಸರಿದರೂ ಕತ್ತಲೆ. 200 ಮೀಟರ್‌ಗೆ ನಿಮಗೆ 4-16 ಧಾರಾಳವಾಯಿತು.

ಹಾಗಾದರೆ ದುಡ್ಡು ಯಾತಕ್ಕೆ ಕೊಡಬೇಕು? ಗುರಿಯನ್ನು ಏರಿಸಿ ಇಳಿಸುವ ಮೇಲಿನ ತಿರುಗಣಿಗೆ, ಅಂದರೆ ಟರೆಟ್ಟಿಗೆ. ಸಾಮಾನ್ಯ ವೇಗದ ಟೂಟೂ ಗುಂಡನ್ನು 50 ಮೀಟರ್‌ಗೆ ಝೀರೋ ಮಾಡಿದರೆ (ಗುರಿ ಹಿಡಿದಲ್ಲೇ ಬೀಳುವಂತೆ ಹೊಂದಿಸಿದರೆ) 100 ಮೀಟರ್‌ನಲ್ಲಿ ಸುಮಾರು ಒಂದು ಗೇಣು ಕೆಳಗೆ ಬೀಳುತ್ತದೆ. 200ರಲ್ಲಿ ಒಂದೂವರೆ ಮೀಟರಿಗೂ ಮಿಕ್ಕಿ. ಅಷ್ಟನ್ನೂ ಕ್ಲಿಕ್ ಕ್ಲಿಕ್ ಎಂದು ತಿರುವಿಯೇ ಏರಿಸಬೇಕು. ಮೀಟರ್ ಲೆಕ್ಕದ ನಮಗೆ ಮಿಲ್ ಎಂಬ ಕೋನದ ಅಳತೆ ಸುಲಭ. 100 ಮೀಟರ್‌ನಲ್ಲಿ 1 ಮಿಲ್ ಎಂದರೆ 10 ಸೆಂ.ಮೀ., 0.1 ಮಿಲ್‌ನ ಒಂದು ಕ್ಲಿಕ್ ಎಂದರೆ 1 ಸೆಂ.ಮೀ. 200ಕ್ಕೆ ನಿಮಗೆ 8 ಮಿಲ್ ಆಸುಪಾಸು, ಎಂಒಎ ಎಂಬ ಇನ್ನೊಂದು ಕೋನದ ಅಳತೆಯ ಲೆಕ್ಕದಲ್ಲಿ 27ರಷ್ಟು ಬೇಕು. ಒಟ್ಟು 50 ಎಂಒಎ ಓಡಾಟದ ಸ್ಕೋಪಿನಲ್ಲಿ ಮೇಲಕ್ಕೆ ಸಿಗುವುದು ಅರ್ಧ, 25. ಅಲ್ಲಿಗೇ ತಿರುಗಣಿ ಮುಗಿಯಿತು! ಸ್ಕೋಪಿನ ಕೆಳಗೆ 20 ಎಂಒಎ ಇಳಿಜಾರಿನ ರೈಲ್, ಅಂದರೆ ಕೂರಿಸುವ ಪಟ್ಟಿ, ಹಾಕಿದರೆ ಈ ಕೊರತೆ ನೀಗುತ್ತದೆ.

ತಿರುಗಣಿ ಸುಳ್ಳು ಹೇಳುತ್ತದೆಯೇ ಎಂದು ಗುಂಡು ಹಾರಿಸದೆಯೇ ತಿಳಿಯಬಹುದು. ಸ್ಕೋಪನ್ನು ಮಾತ್ರ ಗಟ್ಟಿ ಹಿಡಿಕೆಗೆ ಬಿಗಿದು, ಸರಿಯಾಗಿ 100 ಮೀಟರ್ ಅಳೆದು, ಅಲ್ಲಿ ಒಂದು ಮೀಟರ್ ಪಟ್ಟಿಯನ್ನು ಗೌಂಡಿಯ ತೂಗುಗುಂಡಿನ ನೇರಕ್ಕೆ ನಿಲ್ಲಿಸಿ. 10 ಮಿಲ್ ತಿರುವಿದರೆ ಸ್ಕೋಪಿನೊಳಗಿನ ಅಡ್ಡಗೆರೆ ಪಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನೆಟ್ಟಗೆ ಹೋಗಬೇಕು, ವಾಪಸ್ ತಿರುವಿದರೆ ಹೊರಟಲ್ಲಿಗೇ ಬರಬೇಕು. ಹತ್ತು ಸಲ ಮಾಡಿ. ಪ್ರತಿ ಸಲವೂ 97 ಸೆಂ.ಮೀ.ಗೆ ನಿಂತರೆ ಕ್ಷಮಿಸಬಹುದು, ಲೆಕ್ಕದಲ್ಲಿ ಸೇರಿಸಿಕೊಂಡರಾಯಿತು. ಒಮ್ಮೆ 97, ಒಮ್ಮೆ 102 ಎಂದರೆ ಆ ಸ್ಕೋಪ್ ಅಂಗಡಿಯಲ್ಲೇ ಇರಲಿ. ನಾನೂ ಮೊದಲ ಸ್ಕೋಪನ್ನು ಗಾಜಿನ ಹೊಳಪು ನೋಡಿ ಕೊಂಡವನೇ. ಒಂದಿಡೀ ಬೇಸಿಗೆ ನನ್ನ ಉಸಿರು, ನನ್ನ ಬೆರಳು, ಗುಂಡಿನ ಡಬ್ಬಿ ಎಲ್ಲವನ್ನೂ ಬೈದು ಕೊನೆಗೆ ತಪ್ಪು ಸಿಕ್ಕಿದ್ದು ತಿರುಗಣಿಯಲ್ಲಿ.

ಪ್ಯಾರಲಾಕ್ಸ್ ಸರಿಪಡಿಸುವ ಗುಂಡಿ ಪಕ್ಕದಲ್ಲಿರಲೇಬೇಕು. ಕಣ್ಣನ್ನು ಮೆಲ್ಲಗೆ ಅತ್ತಿತ್ತ ಆಡಿಸಿದಾಗ ಅಡ್ಡಗೆರೆ ಗುರಿಯ ಮೇಲೆ ಜಾರಿದರೆ ಅದು ಸರಿಯಾಗಿಲ್ಲ ಎಂದರ್ಥ. ಗೆರೆಗಳು ಫಸ್ಟ್ ಫೋಕಲ್ ಪ್ಲೇನಿನಲ್ಲಿದ್ದರೆ, ಅಂದರೆ ಪಟ್ಟಿನ ಜೊತೆಗೇ ಹಿಗ್ಗಿ ಕುಗ್ಗುವಂತಿದ್ದರೆ, ಯಾವ ಪಟ್ಟಿನಲ್ಲೂ 1 ಮಿಲ್ 1 ಮಿಲ್ಲೇ. ನೀವು ಬಿಸಿಲಿಗೆ ಅಂಜಿ ಪಟ್ಟು ಇಳಿಸುತ್ತಲೇ ಇರುವವರಾದ್ದರಿಂದ ಅದು ಒಳ್ಳೆಯದು. ಗಾಳಿ ತಳ್ಳಿದಷ್ಟು ಪಕ್ಕಕ್ಕೆ ಗುರಿ ಹಿಡಿಯಲಂತೂ ಈ ಗೆರೆಗಳೇ ಆಧಾರ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಬೀಸಿದರೆ ಟೂಟೂ ಗುಂಡು 100 ಮೀಟರ್‌ನಲ್ಲೇ ಸುಮಾರು 10 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. 40 ಸಾವಿರದಲ್ಲಿ ಏಳೆಂಟು ಸಾವಿರವನ್ನು ಸ್ಕೋಪ್ ಬಿಗಿಯುವ ರಿಂಗು, ರೈಲಿಗೆಂದೇ ತೆಗೆದಿಡಿ. ಸಡಿಲ ರಿಂಗಿನ ಮೇಲೆ ಎಂಥ ಸ್ಕೋಪಾದರೂ ದಂಡ.

ಇನ್ನೊಂದು. ನಿಮ್ಮ ಪತ್ರದಲ್ಲಿ 200 ಮೀಟರ್ ಎಲ್ಲಿ ಎಂದು ಬರೆದಿಲ್ಲ. ಹೊಲದಲ್ಲಿ ಎಂದಾದರೆ ಬೇಡ. ಟೂಟೂ ಗುಂಡು ಒಂದೂವರೆ ಮೈಲಿ ಹೋಗಬಲ್ಲದೆಂದು ಎಷ್ಟೋ ಡಬ್ಬಿಗಳ ಮೇಲೆಯೇ ಅಚ್ಚಾಗಿರುತ್ತದೆ, ನಮ್ಮ ಬಯಲಿನಲ್ಲಿ ತಡೆಯಲು ಗುಡ್ಡವೂ ಇಲ್ಲ. ಮೇಲಾಗಿ ನಿಮ್ಮೂರ ಸುತ್ತ ಕೃಷ್ಣಮೃಗ ಓಡಾಡುತ್ತವೆ. ಬೆಳೆ ಮೇಯ್ದರೂ 1972ರ ವನ್ಯಜೀವಿ ಕಾಯ್ದೆಯಡಿ ಅವಕ್ಕೆ ಗುರಿ ಹಿಡಿಯುವಂತಿಲ್ಲ. ಅನುಮತಿ ಇರುವ ರೇಂಜಿನಲ್ಲೇ ಹೊಡೆಯಿರಿ.

ಪ್ರಶ್ನೆ: ಸ್ಪ್ರಿಂಗ್ ಏರ್‌ಗನ್ನಿಗೆ ಹಾಕಿದ ಎರಡು ಸ್ಕೋಪುಗಳೂ ತಿಂಗಳೊಳಗೆ ಕೆಟ್ಟವು. ಇಷ್ಟು ಸಣ್ಣ ಬಂದೂಕಿಗೆ ಹೀಗೇಕೆ?
– ಓದುಗರೊಬ್ಬರು, ಗದಗ

ಉತ್ತರ: ಸಣ್ಣದೆಂದು ನೀವು ಅಂದುಕೊಂಡಿದ್ದೀರಿ, ಸ್ಕೋಪಿಗೆ ಹಾಗನ್ನಿಸುವುದಿಲ್ಲ. ಸ್ಪ್ರಿಂಗ್ ಬಿಚ್ಚಿಕೊಂಡಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಹೋಗಿ ಬಡಿದಾಗ ಮುಂದಕ್ಕೆ ಜಗ್ಗುತ್ತದೆ. ಸಾದಾ ರೈಫಲ್ ಸ್ಕೋಪನ್ನು ಮಾಡಿರುವುದು ಹಿಂದಿನ ಒದೆತಕ್ಕಷ್ಟೇ. ಮುಂದಿನ ಜಗ್ಗಾಟಕ್ಕೆ ಒಳಗಿನ ಗಾಜು ಸಡಿಲವಾಗುತ್ತದೆ. ಏರ್‌ಗನ್ನಿಗೆಂದೇ ಹೇಳಿ ಕೊಡುವ, 10 ಮೀಟರ್‌ವರೆಗೂ ಫೋಕಸ್ ಇಳಿಯುವ ಸ್ಕೋಪ್ ಕೇಳಿ. ಜೊತೆಗೆ ಒಂದೇ ತುಂಡಿನ ಮೌಂಟ್, ಅದಕ್ಕೆ ಜಾರದಂತೆ ತಡೆಯುವ ಸ್ಟಾಪ್ ಪಿನ್ ಇರಲಿ.