7ರ ಪೀಕ್ ಯಾರದು?

ಪ್ರಶ್ನೆ: ಹಿಮಾಲಯದ ಒಂದು ಮೊರೇನ್‌ನಿಂದ (ಹಿಮನದಿ ತಂದು ಬಿಟ್ಟ ಕಲ್ಲುಮಣ್ಣಿನ ರಾಶಿ) ತಂದ ಮಣ್ಣನ್ನು ಎಕ್ಸ್‌ಆರ್‌ಡಿಗೆ, ಅಂದರೆ ಎಕ್ಸ್-ಕಿರಣದಿಂದ ಖನಿಜ ಗುರುತಿಸುವ ಪರೀಕ್ಷೆಗೆ, ಕೊಟ್ಟಿದ್ದೆ. 7 ಆಂಗ್‌ಸ್ಟ್ರಾಂ (ಖನಿಜದ ಪದರಗಳ ಅಂತರ ಅಳೆಯುವ ಅತಿ ಸಣ್ಣ ಮಾನ) ಹತ್ತಿರ ಎತ್ತರದ ಪೀಕ್ ಬಂತು. ಕೆಯೊಲಿನೈಟ್ ಎಂಬ ಜೇಡಿ ಖನಿಜ ಎಂದು ಬರೆದರೆ ಗೈಡ್ ಒಪ್ಪುತ್ತಿಲ್ಲ. ಈ ಮಣ್ಣು ಯಾವ ಬಂಡೆಯದು ಎಂದು ಜೇಡಿ ಖನಿಜಗಳಿಂದ ಹೇಳುವುದು ಹೇಗೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಗೈಡ್ ಅನುಮಾನ ಸರಿಯಾಗಿದೆ. ಕ್ಲೋರೈಟ್ ಎಂಬ ಇನ್ನೊಂದು ಖನಿಜದ ಮೊದಲ ಪೀಕ್ 14 ಆಂಗ್‌ಸ್ಟ್ರಾಂನಲ್ಲಿ ಬಂದರೆ, ಎರಡನೇ ಪೀಕ್ ಕೂಡ 7ರಲ್ಲೇ ಬೀಳುತ್ತದೆ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಕೆಯೊಲಿನೈಟ್ ನೋಡಿ ಪಳಗಿದ ಕಣ್ಣು ಇಲ್ಲಿ ಎಡವುವುದು ಸಹಜ. ಯಂತ್ರದಲ್ಲಿ ತಾಮ್ರದ ಎಕ್ಸ್-ಕಿರಣ ಟ್ಯೂಬ್ ಇದ್ದರೆ 24ರಿಂದ 26 ಡಿಗ್ರಿ ಕೋನದವರೆಗೆ (2θ) ನಿಧಾನವಾಗಿ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ. ಕೆಯೊಲಿನೈಟ್ 3.58 ಆಂಗ್‌ಸ್ಟ್ರಾಂನಲ್ಲಿ, ಕ್ಲೋರೈಟ್ 3.54ರಲ್ಲಿ ಬೇರೆ ಬೇರೆ ನಿಲ್ಲುತ್ತವೆ. ಆಮೇಲೆ ಜೇಡಿ ಹರಡಿದ ಗಾಜಿನ ಸ್ಲೈಡನ್ನು 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ. ‘7 ಮಾಯವಾಯಿತು, ಹಾಗಾದರೆ ಕೆಯೊಲಿನೈಟೇ’ ಎಂದು ತೀರ್ಮಾನಿಸಬೇಡಿ. ಆ ಶಾಖಕ್ಕೆ ಕ್ಲೋರೈಟ್‌ನ 7 ಕೂಡ ಕುಗ್ಗುತ್ತದೆ. ನೋಡಬೇಕಾದ್ದು 14ನ್ನು. ಅದು ಉಳಿದು ಇನ್ನಷ್ಟು ಎದ್ದರೆ ಕ್ಲೋರೈಟ್ ಇದೆ. ಊದುವ ಜೇಡಿ ಖನಿಜ ಸ್ಮೆಕ್ಟೈಟ್ ಇದೆಯೇ ತಿಳಿಯಲು ಕಾಯಿಸುವ ಮೊದಲೇ ಎಥಿಲೀನ್ ಗ್ಲೈಕಾಲ್ ಆವಿಯಲ್ಲಿ 60 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ಬೇಸಿಗೆಯಲ್ಲಿ ಬಿರಿಯುವ ಎರೆಮಣ್ಣಿನ ಈ ಖನಿಜ ಊದಿ 17ಕ್ಕೆ ಸರಿಯುತ್ತದೆ. ಅಭ್ರಕದಂಥ ಜೇಡಿ ಖನಿಜ ಇಲೈಟ್ ಯಾವುದಕ್ಕೂ ಜಗ್ಗದೆ 10ರಲ್ಲೇ ಇರುತ್ತದೆ.

ಸ್ಲೈಡ್ ಮಾಡುವಾಗಲೇ ಅರ್ಧ ತಪ್ಪುಗಳಾಗುತ್ತವೆ. ಬೇಕಾದ್ದು 2 ಮೈಕ್ರಾನ್‌ಗಿಂತ ಸಣ್ಣ ಕಣ. ಪುಸ್ತಕದ ಲೆಕ್ಕದಲ್ಲಿ 20 ಡಿಗ್ರಿ ನೀರಿನಲ್ಲಿ ಮೇಲಿನ 5 ಸೆಂ.ಮೀ. ತೆಗೆಯಲು ಸುಮಾರು 3 ಗಂಟೆ 50 ನಿಮಿಷ ಕಾಯಬೇಕು. ನಿಮ್ಮ ಲ್ಯಾಬಿನ ನೀರು 28 ಡಿಗ್ರಿ ಇದ್ದರೆ 3 ಗಂಟೆ 10 ನಿಮಿಷ ಸಾಕು. ಕೊಳವೆಬಾವಿಯ ಗಡಸು ನೀರು ಬಳಸಿದರೆ ಹಾಲು ಒಡೆದಂತೆ ಜೇಡಿ ಗಂಟುಕಟ್ಟಿ ತಳ ಸೇರುತ್ತದೆ. ಡಿಸ್ಟಿಲ್ಡ್ ವಾಟರೇ ಬೇಕು. ಸುಣ್ಣದ ಅಂಶ ತೆಗೆಯಲು ತೆಳು ಅಸಿಟಿಕ್ ಆಮ್ಲ ಹಾಕಿ. ಹೈಡ್ರೋಕ್ಲೋರಿಕ್ ಹಾಕಿದರೆ ಕ್ಲೋರೈಟೂ ಕರಗೀತು.

ಇನ್ನು ಮೂಲದ ಮಾತು. ಹಿಮನದಿ ಬೀಸುಕಲ್ಲಿದ್ದಂತೆ, ರಾಗಿ ಹಾಕಿದರೆ ರಾಗಿಹಿಟ್ಟೇ ಬರುವುದು. ಚಳಿಯಲ್ಲಿ ಹೊಸ ಜೇಡಿ ಹುಟ್ಟುವುದು ಕಡಿಮೆ. ಸ್ಲೇಟ್, ಶಿಸ್ಟ್ ಅರೆದರೆ ಇಲೈಟ್, ಕ್ಲೋರೈಟ್ ಸಿಗುತ್ತವೆ. ಕೆಯೊಲಿನೈಟ್ ನಿಜವಾಗಿಯೂ ಇದ್ದರೆ ಹಿಂದೆ ಬೆಚ್ಚಗಿನ, ಮಳೆಯ ಕಾಲದಲ್ಲಿ ಆದ ಮಣ್ಣನ್ನೋ ಪದರಗಲ್ಲನ್ನೋ ಹುಡುಕಿ. ಅಂಟಾರ್ಕ್ಟಿಕದ ರಾಸ್ ಸಮುದ್ರದಲ್ಲಿ ಸ್ಮೆಕ್ಟೈಟ್ ಜ್ವಾಲಾಮುಖಿ ಶಿಲೆಗಳತ್ತ ಬೆರಳು ತೋರುತ್ತದೆ.

ಮೇಲ್ಮಣ್ಣಿನಲ್ಲಿ ಕ್ಲೋರೈಟ್ ಶಿಥಿಲವಾಗಿ ವರ್ಮಿಕ್ಯುಲೈಟ್ ಎಂಬ ಬೇರೆ ಜೇಡಿ ಖನಿಜ ಆಗಿರಬಹುದು. ಕಂದುಬಣ್ಣ ಮುಗಿದು ಬೂದುಬಣ್ಣ ಸಿಗುವವರೆಗೆ ಅಗೆದು ಮಾದರಿ ತೆಗೆಯಿರಿ. ಅನುಮಾನವಿರುವ ಪ್ರತಿ ಬಂಡೆಯನ್ನೂ ಕುಟ್ಟಿ, ಅದೇ 2 ಮೈಕ್ರಾನ್ ಕಣ ತೆಗೆದು, ಅದೇ ಯಂತ್ರದಲ್ಲಿ ಓಡಿಸಿ ಪಕ್ಕದಲ್ಲಿಟ್ಟು ಹೋಲಿಸಿ.