ಪ್ರಾಣಿಗಳ ವಿಡಿಯೋ ನೋಡಿದರೆ ಇಂಗ್ಲಿಷ್ ಬರುತ್ತಾ? ಶನಿವಾರಸಂತೆಯ ಅಕ್ಕನಿಗೆ ಉತ್ತರ

ಸ್ವಲ್ಪ ಉದ್ದವಾಗುತ್ತೆ, ಬಿಡುವು ಮಾಡಿಕೊಂಡು ಓದಿ. ಅಕ್ಕ ಕೇಳಿದ್ದು ಇಷ್ಟು: ಮಗ ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಸಂಜೆಯಾದರೆ ಸಾಕು, ಫೋನಿನಲ್ಲಿ ಪೆಂಗ್ವಿನ್, ಹಿಮಕರಡಿ, ಮರುಭೂಮಿಯ ಹಾವು ಅಂತ ನೋಡ್ತಾ ಕೂರ್ತಾನೆ. ಕೇಳಿದರೆ ‘ಇಂಗ್ಲಿಷ್ ಕಲೀತಿದ್ದೀನಿ’ ಅಂತಾನೆ. ನಿಜವಾ, ಇಲ್ಲಾ ನಮ್ಮನ್ನು ಯಾಮಾರಿಸ್ತಿದ್ದಾನಾ? ಗುಂಪಿನಲ್ಲಿ ಒಬ್ಬರು ಫೋನ್ ಕಿತ್ತಿಟ್ಟು ಗ್ರಾಮರ್ ಪುಸ್ತಕ ಕೊಡಿ ಅಂದರು. ಇನ್ನೊಬ್ಬರು ನೋಡ್ತಾ ನೋಡ್ತಾ ತಾನಾಗೇ ಬರುತ್ತೆ ಅಂದರು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಎರಡೂ ಮಾತು ನನಗೆ ಒಪ್ಪಿಗೆಯಿಲ್ಲ.

ಅಕ್ಕಾ, ಫೋನ್ ಕಿತ್ತುಕೊಳ್ಳಬೇಡಿ. ಹುಡುಗ ತಾನಾಗಿ ಇಷ್ಟಪಟ್ಟು ಇಂಗ್ಲಿಷ್ ಕೇಳುವುದು ದಿನದಲ್ಲಿ ಅದೊಂದೇ ಹೊತ್ತು ಇರಬೇಕು. ಆದರೆ ಬರೀ ನೋಡಿದರೆ ಅವನಿಗೆ ಬರುವುದು ಪೆಂಗ್ವಿನ್ ವಿಷಯ, ಇಂಗ್ಲಿಷ್ ಅಲ್ಲ. ಚಿತ್ರವೇ ಎಲ್ಲಾ ಹೇಳಿಬಿಡುವುದರಿಂದ ಮಾತಿನ ಕಡೆ ಕಿವಿ ಹೋಗುವುದೇ ಇಲ್ಲ. ಕಿವಿ ಹೋಗಬೇಕಾದರೆ ನೋಡಿದ್ದನ್ನು ಅವನು ಬಾಯಿಬಿಟ್ಟು ಹೇಳಬೇಕು.

ಪ್ರಾಣಿಗಳ ವಿಡಿಯೋ ಇದಕ್ಕೆ ಸಿನಿಮಾಕ್ಕಿಂತ ಎಷ್ಟೋ ಮೇಲು. ಒಳ್ಳೆಯ ವಿಡಿಯೋದಲ್ಲಿ ಮಾತಾಡುವವರು ಒಬ್ಬರೇ, ನಿಧಾನಕ್ಕೆ, ಒಂದು ವಾಕ್ಯ ಹೇಳಿ ಸುಮ್ಮನಾಗ್ತಾರೆ. ಹೇಳಿದ್ದು ಅದೇ ಹೊತ್ತಿಗೆ ಕಣ್ಣೆದುರು ನಡೆಯುತ್ತೆ, ಡಿಕ್ಷನರಿ ತೆಗೆಯುವ ಕೆಲಸ ಅರ್ಧ ತಪ್ಪುತ್ತೆ. ಎಲ್ಲಕ್ಕಿಂತ ಮುಖ್ಯ, ಕಥೆ ಬಹುಪಾಲು ವರ್ತಮಾನ ಕಾಲದಲ್ಲಿ ಸಾಗುತ್ತೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಎಸ್ಸೆಸ್ಸೆಲ್ಸಿಗೆ ಬಂದರೂ ‘ಹಿ ಗೋಸ್’, ‘ಶಿ ಕಮ್ಸ್’ ಅನ್ನುವ ಬದಲು ಕೊನೆಯ ‘ಸ್’ ಬಿಟ್ಟು ‘ಹಿ ಗೋ’, ‘ಶಿ ಕಮ್’ ಅಂತಲೇ ಬರೀತಾರೆ. ನಿಯಮ ಕೇಳಿ ನೋಡಿ, ಪಟಪಟ ಹೇಳ್ತಾರೆ. ನಾಲಿಗೆಗೆ ರೂಢಿ ಇಲ್ಲ, ಅಷ್ಟೆ. ಈ ವಿಡಿಯೋಗಳಲ್ಲಿ ಹಂಟ್ಸ್, ವೇಟ್ಸ್, ಫೀಡ್ಸ್, ಲೀವ್ಸ್ ಅನ್ನುವುದು ನಿಮಿಷಕ್ಕೆ ನಾಲ್ಕಾರು ಸಲ ಕಿವಿಗೆ ಬೀಳುತ್ತೆ.

ಒಂದು ಉದಾಹರಣೆ ಹಿಡಿದು ಹೇಳ್ತೀನಿ. ಎಂಪರರ್ ಪೆಂಗ್ವಿನ್ ಬಗ್ಗೆ ಮೂರು ನಾಲ್ಕು ನಿಮಿಷದ ತುಣುಕು ತಗೊಳ್ಳಿ, ಗಂಟೆಗಟ್ಟಲೆಯದ್ದು ಬೇಡ. ಅಂಟಾರ್ಕ್ಟಿಕಾದ ಚಳಿಗಾಲ, ಮೈನಸ್ 40 ಡಿಗ್ರಿಗೂ ಕೆಳಗಿಳಿಯುವ ಚಳಿ. ಹೆಣ್ಣು ಒಂದೇ ಮೊಟ್ಟೆ ಇಟ್ಟು, ಅದನ್ನು ಗಂಡಿನ ಪಾದದ ಮೇಲೆ ದಾಟಿಸಿ ಸಮುದ್ರಕ್ಕೆ ಹೋಗುತ್ತೆ. ಗಂಡು ಎರಡು ತಿಂಗಳಿಗೂ ಹೆಚ್ಚು ಕಾಲ ಏನೂ ತಿನ್ನದೆ, ಮೊಟ್ಟೆಯನ್ನು ಹೊಟ್ಟೆಯ ಚರ್ಮದ ಮಡಿಕೆಯಲ್ಲಿ ಮುಚ್ಚಿಕೊಂಡು ಉಳಿದ ಗಂಡುಗಳ ಜೊತೆ ಒತ್ತಿಕೊಂಡು ನಿಲ್ಲುತ್ತೆ. ಮೊದಲ ಸಲ ಸುಮ್ಮನೆ ನೋಡಲಿ, ಮುಗಿದ ಮೇಲೆ ಏನಾಯ್ತು ಅಂತ ನಿಮಗೆ ಕನ್ನಡದಲ್ಲಿ ಹೇಳಲಿ. ಎರಡನೇ ಸಲ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು, ಒಂದೊಂದೇ ವಾಕ್ಯಕ್ಕೆ ನಿಲ್ಲಿಸಿ, ಹಿಂದೆಯೇ ಜೋರಾಗಿ ಹೇಳಲಿ. ಮೂರನೇ ಸಲ ಸೌಂಡ್ ಪೂರ್ತಿ ಆಫ್ ಮಾಡಿ ಕಥೆ ಅವನೇ ಹೇಳಬೇಕು. ‘ದಿ ಫೀಮೇಲ್ ಲೀವ್ಸ್. ದಿ ಮೇಲ್ ಸ್ಟೇಸ್. ಹಿ ಕೀಪ್ಸ್ ದಿ ಎಗ್ ಆನ್ ಹಿಸ್ ಫೀಟ್.’ ಇಷ್ಟು ಬಂದರೆ ಆ ದಿನಕ್ಕೆ ಧಾರಾಳ. ಮರುದಿನ ಬೇರೆ ಪ್ರಾಣಿಗೆ ಹಾರಬಾರದು, ಪೆಂಗ್ವಿನ್ನದೇ ಇನ್ನೊಂದು ವಿಡಿಯೋ ನೋಡಬೇಕು. ಅವೇ ಮಾತುಗಳು ಬೇರೆ ದನಿಯಲ್ಲಿ ಮತ್ತೆ ಬಂದಾಗಲೇ ಗಟ್ಟಿಯಾಗುವುದು.

ಸಬ್‌ಟೈಟಲ್ ಹಾಕುವಾಗ ಒಂದು ಗಮನಿಸಿ. ಯೂಟ್ಯೂಬಿನಲ್ಲಿ ಭಾಷೆಯ ಪಕ್ಕ ‘ಆಟೋ ಜನರೇಟೆಡ್’ ಅಂತ ಇದ್ದರೆ ಅದು ಯಂತ್ರ ಬರೆದದ್ದು, ಪ್ರಾಣಿಗಳ ಹೆಸರು, ಊರಿನ ಹೆಸರು ತಪ್ಪಾಗಿರುವುದುಂಟು. ಬರೀ ಇಂಗ್ಲಿಷ್ ಅಂತ ಇರುವ ವಿಡಿಯೋ ಸಿಕ್ಕರೆ ಅದನ್ನೇ ಆರಿಸಿ. ಮಾತು ವೇಗ ಅನ್ನಿಸಿದರೆ ಸೆಟ್ಟಿಂಗಿನಲ್ಲಿ ಸ್ಪೀಡ್ 0.75ಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗೆ ಬೇಡ, ದನಿ ಎಳೆದ ಹಾಗಾಗುತ್ತೆ. ಇಯರ್‌ಫೋನ್ ಇರಲೇಬೇಕು. ಆಷಾಢದ ಮಳೆ ಶೀಟಿನ ಮೇಲೆ ಸುರಿಯುವಾಗ ಫೋನಿನ ಸ್ಪೀಕರಿನಲ್ಲಿ ಕೊನೆಯ ‘ಸ್’ ಕೇಳಿಸುವುದೇ ಇಲ್ಲ, ನಾವು ಕಲಿಸಬೇಕೆಂದಿರುವುದು ಅದನ್ನೇ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ, ಸೋಮವಾರಪೇಟೆಗೋ ಕುಶಾಲನಗರಕ್ಕೋ ಹೋದಾಗ ಒಂದೆರಡು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ವಿಪರೀತ ಚಳಿ, ವಿಪರೀತ ಬಿಸಿಲಿನ ಜಾಗಗಳ ವಿಡಿಯೋ ಅವನಿಗೆ ಇಷ್ಟ ಅಂದಿರಲ್ಲ, ಅದರಿಂದ ಇನ್ನೊಂದು ಲಾಭ ಇದೆ: ಅಂಕಿ ಮತ್ತು ಹೋಲಿಕೆ. ಅಂಟಾರ್ಕ್ಟಿಕಾದ ವೋಸ್ಟಾಕ್ ಕೇಂದ್ರದಲ್ಲಿ 1983ರ ಜುಲೈ 21ರಂದು ಮೈನಸ್ 89.2 ಡಿಗ್ರಿ ದಾಖಲಾಯಿತು. ಅಮೆರಿಕದ ಡೆತ್ ವ್ಯಾಲಿಯಲ್ಲಿ 1913ರಲ್ಲಿ 56.7 ಡಿಗ್ರಿ. ಇವನ್ನು ಇಂಗ್ಲಿಷಿನಲ್ಲಿ ಓದಿ ಹೇಳಲಿ, ಆಮೇಲೆ ಅದೇ ಅಚ್ಚಿನಲ್ಲಿ ನಮ್ಮೂರನ್ನು ಕೂರಿಸಲಿ: ‘ವೋಸ್ಟಾಕ್ ಈಸ್ ಕೋಲ್ಡರ್ ದ್ಯಾನ್ ಮಡಿಕೇರಿ’, ‘ಭಾಗಮಂಡಲ ಈಸ್ ವೆಟರ್ ದ್ಯಾನ್ ಕುಶಾಲನಗರ’. ಅಲಾಸ್ಕಾದ ವುಡ್ ಫ್ರಾಗ್ ಅನ್ನುವ ಕಪ್ಪೆಯ ವಿಡಿಯೋ ಸಿಕ್ಕರೆ ಬಿಡಬೇಡಿ. ಚಳಿಗಾಲದಲ್ಲಿ ಆ ಕಪ್ಪೆಯ ಮೈ ಹೆಪ್ಪುಗಟ್ಟುತ್ತೆ, ಹೃದಯದ ಬಡಿತವೂ ನಿಲ್ಲುತ್ತೆ. ಪಿತ್ತಜನಕಾಂಗದಿಂದ ಬರುವ ಗ್ಲೂಕೋಸ್ ಜೀವಕೋಶಗಳ ಒಳಗೆ ಮಂಜುಗಡ್ಡೆ ಆಗದ ಹಾಗೆ ಕಾಯುತ್ತೆ, ವಸಂತದಲ್ಲಿ ಮೈ ಕರಗಿ ಮತ್ತೆ ಕುಪ್ಪಳಿಸುತ್ತೆ. ಇಂಥದ್ದನ್ನು ವಿವರಿಸಲು ಹೊರಟರೆ ಬಿಕಾಸ್, ಸೋ, ಅಂಟಿಲ್ ಇಲ್ಲದೆ ಆಗುವುದೇ ಇಲ್ಲ. ವಾಕ್ಯ ಬೆಳೆಸುವುದು ಅಲ್ಲಿಂದಲೇ ಶುರು.

ಈ ವಿಡಿಯೋಗಳಿಂದ ಬಾರದೇ ಇರುವುದು ಏನು ಅನ್ನುವುದನ್ನೂ ಹೇಳಬೇಕು. ‘ನಾನು’, ‘ನೀನು’ ಅಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಪ್ರಶ್ನೆಗಳೂ ಕಮ್ಮಿ. ಪೆಂಗ್ವಿನ್ ಬಗ್ಗೆ ಚೆಂದವಾಗಿ ಹೇಳುವ ಹುಡುಗ ಬ್ಯಾಂಕಿನ ಕೌಂಟರಿನಲ್ಲಿ ಬಾಯಿ ಕಟ್ಟಿದವನ ಹಾಗೆ ನಿಲ್ಲಬಹುದು. ಅದಕ್ಕೆ ನೀವೇ ಬೇಕು ಅಕ್ಕಾ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ, ಕನ್ನಡದಲ್ಲೇ ಕೇಳಿ: ಹೆಣ್ಣು ಎಲ್ಲಿಗೆ ಹೋಯ್ತು? ಯಾವಾಗ ವಾಪಸ್ ಬರುತ್ತೆ? ನೀನಾಗಿದ್ದರೆ ಏನು ಮಾಡ್ತಿದ್ದೆ? ಉತ್ತರ ಇಂಗ್ಲಿಷಿನಲ್ಲೇ ಬರಬೇಕು ಅಂತ ಹಟ ಹಿಡಿಯಿರಿ. ತಡವರಿಸಿದರೆ ಕಾಯಿರಿ, ಮಧ್ಯೆ ತಿದ್ದಬೇಡಿ.

ಆಮೇಲೆ ನಮ್ಮ ತೋಟಕ್ಕೇ ಬನ್ನಿ. ಬೇಸಿಗೆಯಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡುತ್ತಲ್ಲ, ಹೆಣ್ಣು ಮರದ ಪೊಟರೆಯೊಳಗೆ ಕೂತು ಆ ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತೆ, ಗಂಡು ಸಂದಿಯಿಂದ ಹಣ್ಣು ಕೊಡುತ್ತೆ. ಪೆಂಗ್ವಿನ್ನಿಗೆ ಕಲಿತ ವಾಕ್ಯಗಳೇ ಇಲ್ಲಿಗೂ ಆಗುತ್ತೆ: ‘ದಿ ಫೀಮೇಲ್ ಸ್ಟೇಸ್ ಇನ್‌ಸೈಡ್. ದಿ ಮೇಲ್ ಬ್ರಿಂಗ್ಸ್ ಫ್ರೂಟ್.’ ಗೂಡಿನ ಹತ್ತಿರ ಮಾತ್ರ ಹೋಗಬಾರದು, ಗಂಡು ಹೆದರಿ ಬರುವುದು ನಿಲ್ಲಿಸಿದರೆ ಒಳಗಿರುವವರಿಗೆ ಉಪವಾಸ. ಗೂಡು ಸಿಗದಿದ್ದರೆ ಹಲಸಿನ ಮರದ ಕೆಂದಳಿಲು ಸಾಕು. ಫೋನಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ, ಅದರ ಮೇಲೆ ಅವನೇ ಇಂಗ್ಲಿಷಿನಲ್ಲಿ ಮಾತಾಡಲಿ. ನನ್ನ ಕ್ಲಾಸಿನಲ್ಲಿ ಬಾಯೇ ಬಿಡದ ಮಕ್ಕಳು ಈ ಒಂದು ಕೆಲಸಕ್ಕೆ ಮಾತಾಡಿದ್ದಾರೆ. ಅವರಿಗೆ ಗೊತ್ತಿರುವ ಪ್ರಾಣಿ, ತಪ್ಪು ಹೇಳ್ತೀನೇನೋ ಅನ್ನುವ ಅಂಜಿಕೆ ಕಮ್ಮಿ.

ಯಾವುದು ನೋಡಬೇಕು ಅಂತ ಕೇಳಿದ್ದಿರಿ. ಮೊದಲಿಗೆ ‘ವೈಲ್ಡ್ ಕರ್ನಾಟಕ’ ಅನ್ನುವ ಸಾಕ್ಷ್ಯಚಿತ್ರ. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ದನಿ, ಕನ್ನಡದಲ್ಲಿ ರಿಷಬ್ ಶೆಟ್ಟಿಯವರದ್ದು. ಎರಡೂ ಸಿಕ್ಕರೆ ಕನ್ನಡದ್ದು ಮೊದಲು, ಇಂಗ್ಲಿಷಿನದ್ದು ಆಮೇಲೆ. ನಮ್ಮದೇ ಕಾಡು, ನಮ್ಮದೇ ಪ್ರಾಣಿ. ನಂತರ ಬಿಬಿಸಿ ಅರ್ಥ್, ನ್ಯಾಷನಲ್ ಜಿಯಾಗ್ರಫಿಕ್ ಚಾನೆಲ್‌ಗಳ ಚಿಕ್ಕ ತುಣುಕುಗಳು. ಸಿಂಹಕ್ಕೂ ಮೊಸಳೆಗೂ ಕಾಳಗ ಅಂತ ಬರೀ ಮ್ಯೂಸಿಕ್ ಹಾಕಿದ ವಿಡಿಯೋ ಬೇಡ, ಅದರಲ್ಲಿ ಕಲಿಯಲು ಒಂದು ವಾಕ್ಯವೂ ಇರುವುದಿಲ್ಲ. ಹಾವಿನ ಬಾಯಿಂದ ನಾಯಿಮರಿ ಬಿಡಿಸುವಂಥವು ಬೇಡವೇ ಬೇಡ. ಎಷ್ಟೋ ಕಡೆ ಕ್ಯಾಮೆರಾ ಇಟ್ಟು ಬೇಕಂತಲೇ ಪ್ರಾಣಿಯನ್ನು ಅಪಾಯಕ್ಕೆ ತಳ್ಳಿರ್ತಾರೆ. ಮಗನಿಗೆ ಇದನ್ನು ಬಿಡಿಸಿ ಹೇಳಿ.

ಗ್ರಾಮರ್ ಪುಸ್ತಕ ಕೊಡಿ ಅಂದ ಅಣ್ಣನಿಗೂ ಒಂದು ಮಾತು: ಪುಸ್ತಕ ಇರಲಿ, ಬೇಡ ಅನ್ನಲ್ಲ. ಬಾಯಲ್ಲಿ ಆಡಿದ ವಾಕ್ಯ ಪುಸ್ತಕದಲ್ಲಿ ಕಂಡಾಗ ನಿಯಮ ತಲೆಯಲ್ಲಿ ಕೂರುತ್ತೆ, ಆದ್ದರಿಂದ ವಿಡಿಯೋ ಮೊದಲು, ಪುಸ್ತಕ ಆಮೇಲೆ.

ಅಕ್ಕಾ, ಈ ವಾರ ಪೆಂಗ್ವಿನ್ ಒಂದೇ ಇಟ್ಟುಕೊಳ್ಳಿ. ಭಾನುವಾರ ಅವನು ಸೌಂಡ್ ಆಫ್ ಮಾಡಿ ಕಥೆ ಹೇಳಿದ್ದನ್ನು ರೆಕಾರ್ಡ್ ಮಾಡಿ ನನಗೆ ಕಳಿಸಿ. ಕೇಳಿ, ಮುಂದಿನ ವಾರ ಯಾವ ವಿಡಿಯೋ ಅಂತ ಅದನ್ನು ನೋಡಿಕೊಂಡು ಹೇಳ್ತೀನಿ.