ಮಗು ಹಾಲು ಕಕ್ಕುತ್ತೆ ಅಂತ ಫಾರ್ಮುಲಾ ಬದಲಾಯಿಸ್ಬೇಕಾ?

ಎರಡು ತಿಂಗಳ ಮಗು ಪ್ರತಿ ಬಾಟಲ್ ಆದ್ಮೇಲೂ ಕಕ್ಕುತ್ತೆ, ಯಾವ ಫಾರ್ಮುಲಾ (ಡಬ್ಬದ ಪುಡಿ ಹಾಲು) ತರ್ಲಿ ಅಂತ ಕೇಳಿದೀರ. ತೂಕ ಏರ್ತಾ ಇದ್ದು, ಕಕ್ಕಿದ್ಮೇಲೂ ಆರಾಮಾಗಿ ಆಡ್ಕೊಂಡಿದ್ರೆ ಡಬ್ಬ ಬದಲಾಯಿಸೋ ಗೋಜಿಗೇ ಹೋಗ್ಬೇಡಿ. ಅನ್ನನಾಳದ ಕೆಳಗಿನ ಬಾಗಿಲು ಈ ವಯಸ್ಸಲ್ಲಿ ಸಡಿಲ ಇರುತ್ತೆ, ಕಕ್ಕೋದು 4 ತಿಂಗಳ ಹೊತ್ತಿಗೆ ಇನ್ನೂ ಜಾಸ್ತಿ ಆಗ್ಬೋದು, ಬಹುತೇಕ ಮಕ್ಕಳಿಗೆ ವರ್ಷ ತುಂಬೋಷ್ಟರಲ್ಲಿ ತಾನಾಗೇ ನಿಲ್ಲುತ್ತೆ.

ಮೊದ್ಲು ಅಳತೆ ನೋಡಿ: ದಿನಕ್ಕೆ ಕೆಜಿಗೆ ಸುಮಾರು 150 ಮಿಲಿ, ಅಂದ್ರೆ 5 ಕೆಜಿ ಮಗುಗೆ 750, ಅದನ್ನ 6 ಸಲ 125ರಂತೆ ಕೊಡೋ ಬದ್ಲು 8 ಸಲ 90-95 ಕೊಡಿ, ನಿಪ್ಪಲ್ ತುಂಬ ಹಾಲಿರೋ ಹಾಗೆ ಬಾಟಲ್ ಹಿಡೀರಿ, ಮಧ್ಯೆ ತೇಗಿಸಿ, ಆಮೇಲೆ 20-30 ನಿಮಿಷ ಹೆಗಲ ಮೇಲೆ ನೆಟ್ಟಗೆ ಎತ್ಕೊಳ್ಳಿ (ಹಳೇ ಟವೆಲ್ ಇರ್ಲಿ, ಬಟ್ಟೆ ಉಳಿಯುತ್ತೆ). ಮಲಗಿಸೋದು ಮಾತ್ರ ಅಂಗಾತನೇ.

ಗಟ್ಟಿ ಮಾಡಿರೋ ಆಂಟಿ-ರಿಫ್ಲಕ್ಸ್ ಫಾರ್ಮುಲಾದಿಂದ ಕಕ್ಕೋದು ಕಮ್ಮಿ ಆಗ್ಬೋದು, ಆದ್ರೆ ಡಾಕ್ಟರ್ ಹೇಳಿದ್ರೆ ಮಾತ್ರ ತನ್ನಿ. ನೀವೇ ಒಂದು ಸ್ಪೂನ್ ಪೌಡರ್ ಜಾಸ್ತಿ ಹಾಕಿ ಗಟ್ಟಿ ಮಾಡೋದಂತೂ ಬೇಡ್ವೇ ಬೇಡ. ಮಲದಲ್ಲಿ ರಕ್ತ, ಚರ್ಮದಲ್ಲಿ ಎಕ್ಸಿಮಾ (ತುರಿಸೋ ಒಣ ಕೆಂಪು ಕಲೆ) ಕಂಡ್ರೆ ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಇರ್ಬೋದು, ಆಗ ಡಾಕ್ಟರೇ ಹೈಡ್ರೊಲೈಸ್ಡ್ ಫಾರ್ಮುಲಾನ (ಹಾಲಿನ ಪ್ರೋಟೀನನ್ನ ಸಣ್ಣ ಚೂರು ಮಾಡಿರೋದು) 2-4 ವಾರ ಟ್ರೈ ಮಾಡಿಸ್ತಾರೆ. ವಾಂತಿ ಹಸಿರು ಬಣ್ಣ ಇದ್ರೆ, ರಕ್ತ ಇದ್ರೆ, ಪಿಚಕಾರಿ ಥರ ಚಿಮ್ಮಿದ್ರೆ ಇದನ್ನೆಲ್ಲ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.